ಕ್ಷೇತ್ರಕಾರ್ಯದಲ್ಲಿ ಜಿಪಿಎಸ್ ಮತ್ತು ಕೈಗಣಕ: ನಗರ್ತಪೇಟೆಯ ನಿದರ್ಶನ

ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟ (1905) ಬೆಂಗಳೂರು ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಊರಿನ ಹೆಸರಿನೊಡನೆ ಕಲ್ಲು ಇರುವ ಜಾಗವನ್ನೂ ಅಲ್ಲಿ ಸೂಚಿಸಲಾಗಿದೆ: ಇಂಥ ಗುಡಿಯ ಬಳಿ, ಇಂಥ ಹೊಲದಲ್ಲಿ. ಆ ಕಾಲಕ್ಕೆ ಇಷ್ಟು ಸಾಕಾಗಿತ್ತು. ಊರವರು ಯಾರಾದರೂ ದಾರಿ ತೋರಿಸುತ್ತಿದ್ದರು. ಇಂದು ಆ ಹೊಲಗಳು ಬಡಾವಣೆಗಳಾಗಿವೆ, ಎಷ್ಟೋ ಕೆರೆಗಳು ಮೈದಾನಗಳಾಗಿವೆ. ಹಲವೆಡೆ ಕಲ್ಲು ಉಳಿದಿದ್ದರೂ ಅದರ ವಿಳಾಸ ಅಳಿದುಹೋಗಿದೆ. ಶಾಸನ, ಜಾನಪದ, ಉಪಭಾಷೆ ಯಾವುದರ ಕ್ಷೇತ್ರಕಾರ್ಯವೇ ಆಗಲಿ, ‘ಸ್ಥಳ’ ಎಂಬ ಅಂಕಣವನ್ನು ತುಂಬುವ ಬಗೆಯನ್ನು ಮತ್ತೆ ಯೋಚಿಸಬೇಕಾದುದು ಈ ಕಾರಣದಿಂದ.

ಅಕ್ಷಾಂಶ-ರೇಖಾಂಶಗಳು ಊರಿನ ಹೆಸರು ಬದಲಾದರೂ ಬದಲಾಗುವುದಿಲ್ಲ. ಆದರೆ ಅವುಗಳನ್ನು ಕಂಡುಕೊಳ್ಳುವುದು ಹಿಂದೆ ಸುಲಭವಾಗಿರಲಿಲ್ಲ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಉಕ್ಕಿನ ಸರಪಳಿಯಿಂದ ಅಳೆದಾಗ ಅದಕ್ಕೆ ವಾರಗಟ್ಟಲೆ ದುಡಿಮೆ ಬೇಕಾಯಿತು. ಜಿಪಿಎಸ್ ಗ್ರಾಹಕ ಅದೇ ಕೆಲಸವನ್ನು ಆಕಾಶದಿಂದ ಪಡೆದ ಕಾಲಸಂಕೇತಗಳ ಮೂಲಕ ಮಾಡುತ್ತದೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ದೊರೆತರೆ, ಅವು ತಲುಪಲು ಹಿಡಿದ ಸಮಯದಿಂದ ದೂರವನ್ನೂ ದೂರಗಳಿಂದ ಸ್ಥಾನವನ್ನೂ ಅದು ಲೆಕ್ಕಹಾಕುತ್ತದೆ. ನಾಗರಿಕ ಬಳಕೆಯ ಸಂಕೇತದಲ್ಲಿ ಅಮೆರಿಕವು ಉದ್ದೇಶಪೂರ್ವಕವಾಗಿ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆ, ನೂರು ಮೀಟರಿನಷ್ಟಿರಬಹುದಾಗಿದ್ದ ತಪ್ಪು ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಸಾಮಾನ್ಯ ಸಂಶೋಧಕನ ಕೈಗೆ ಈ ಉಪಕರಣ ನಿಜವಾಗಿ ಒದಗಿದ್ದು ಆಗಲೇ.

ಬೆಂಗಳೂರಿನ ಶಾಸನಗಳ ಮಟ್ಟಿಗೆ ಇದರ ಫಲ ಈಗಾಗಲೇ ಕಾಣುತ್ತಿದೆ. ಮಿಥಿಕ್ ಸೊಸೈಟಿ 2021ರಲ್ಲಿ ಕೈಗೊಂಡ ಯೋಜನೆಯಲ್ಲಿ ಕಲ್ಲುಗಳ ಮೂರು ಆಯಾಮದ ಪ್ರತಿಯನ್ನು ತೆಗೆಯುವುದರೊಂದಿಗೆ ಅವುಗಳ ಸ್ಥಾನವನ್ನೂ ನಕಾಶೆಯಲ್ಲಿ ಗುರುತಿಸಲಾಗುತ್ತಿದೆ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ‘ಪೆರ್ಬ್ಬೊಳಲ್ನಾಡು’ ಎಂದು ನಾಡಿನ ಹೆಸರನ್ನು ತಾನೇ ಹೇಳುತ್ತದೆ. ಆ ಕಲ್ಲು ಸಿಕ್ಕ ನೆಲ ಯಾವುದು ಎಂಬುದು ಖಚಿತವಾದರೆ ಮಾತ್ರ ಹೆಸರಿಗೂ ನೆಲಕ್ಕೂ ಇರುವ ಸಂಬಂಧ ಪ್ರಮಾಣವಾಗುತ್ತದೆ.

ಆದರೆ ಬಯಲಿನಲ್ಲಿ ನಂಬಬಹುದಾದ ಯಂತ್ರವನ್ನು ಪೇಟೆಯಲ್ಲಿ ಹಾಗೆಯೇ ನಂಬಲಾಗದು. ನಗರ್ತಪೇಟೆಯ ಓಣಿಗಳು ಇಕ್ಕಟ್ಟಾದವು. ಇಕ್ಕೆಲದ ಕಟ್ಟಡಗಳು ಎತ್ತರದವು. ಮೇಲೆ ಕಾಣುವುದು ಆಕಾಶದ ಒಂದು ಪಟ್ಟಿ ಮಾತ್ರ. ಉಪಗ್ರಹದ ಸಂಕೇತ ಗೋಡೆಗೆ ತಾಗಿ ಪ್ರತಿಫಲಿಸಿ ಬಂದರೆ ಅದು ಕ್ರಮಿಸಿದ ದಾರಿ ಹೆಚ್ಚುತ್ತದೆ. ಗ್ರಾಹಕ ಅದನ್ನೇ ನೇರ ದೂರವೆಂದು ಭಾವಿಸುತ್ತದೆ. ಬೆಳಕಿನ ವೇಗದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವೆಂದರೆ 300 ಮೀಟರು. ಹತ್ತು ಮೀಟರಿನ ತಪ್ಪು ಹೊಲದಲ್ಲಿ ಏನೂ ಅಲ್ಲ. ಪೇಟೆಯಲ್ಲಿ ಅದು ಪಕ್ಕದ ಓಣಿ, ಕೆಲವೊಮ್ಮೆ ಬೇರೊಂದು ಸಮುದಾಯದ ಕೇರಿ.

ಕರಗದ ದಾರಿಯನ್ನು ದಾಖಲಿಸುವವರಿಗೆ ಇದು ಸಣ್ಣ ಸಂಗತಿಯಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಕರಗ ಹಳೆಯ ಪೇಟೆಗಳಲ್ಲಿ ಸಂಚರಿಸಿ, ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ, ಗುಡಿಗೆ ಮರಳುತ್ತದೆ. ಸ್ಮೃತಿ ಶ್ರೀನಿವಾಸ್ ಅವರು 2001ರ ತಮ್ಮ ಗ್ರಂಥದಲ್ಲಿ ಈ ಆಚರಣೆಯನ್ನು ನಗರದ ಸ್ಮೃತಿಯೊಡನೆ ಇಟ್ಟು ನೋಡಿದ್ದಾರೆ. ಯಾವ ತಿರುವಿನಲ್ಲಿ ಕರಗ ತಿರುಗಿತು, ಯಾರ ಮನೆಯ ಮುಂದೆ ನಿಂತಿತು ಎಂಬುದೇ ಇಂಥ ಅಧ್ಯಯನದ ಆಕರ. ಗ್ರಾಹಕ ಬರೆದ ಗೆರೆಯನ್ನು ಮಾತ್ರ ನೆಚ್ಚಿದರೆ ಕರಗ ಮನೆಗಳ ಗೋಡೆ ಹಾಯ್ದು ಹೋದಂತೆ ನಕಾಶೆಯಲ್ಲಿ ಕಂಡೀತು! ಆದ್ದರಿಂದ ಪ್ರತಿ ನಿಲುಗಡೆಯಲ್ಲೂ ಗಂಟೆ-ನಿಮಿಷ, ಯಂತ್ರವೇ ತೋರಿಸುವ ದೋಷದ ಅಂದಾಜು, ಎದುರಿನ ಕಟ್ಟಡದ ಗುರುತು, ವಕ್ತೃ ಆ ಜಾಗಕ್ಕೆ ಹೇಳುವ ಹೆಸರು ಇಷ್ಟನ್ನೂ ಬರೆದುಕೊಳ್ಳಬೇಕು. ತಿದ್ದಿದ ಗೆರೆಯ ಜೊತೆಗೆ ತಿದ್ದದ ಮೂಲ ಕಡತವನ್ನೂ ಕಾಪಾಡಬೇಕು. ಹಸ್ತಪ್ರತಿ ಸಂಪಾದನೆಯಲ್ಲಿ ಪಾಠಾಂತರಗಳನ್ನು ಉಳಿಸುವವರಿಗೆ ಈ ಶಿಸ್ತು ಹೊಸದಲ್ಲ.

ಸರ್ವೇ ಆಫ್ ಇಂಡಿಯಾದ ಹಳೆಯ ನಕಾಶೆಗಳನ್ನು ಜೊತೆಗಿಟ್ಟುಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಅವು ಎವರೆಸ್ಟ್ ಗೋಳಾಭವನ್ನು ಆಧರಿಸಿದವು. ಜಿಪಿಎಸ್ ಆಧರಿಸಿರುವುದು 1984ರ ಜಾಗತಿಕ ಮಾನವನ್ನು. ಪರಿವರ್ತಿಸದೆ ಹೋಲಿಸಿದರೆ ಬೆಂಗಳೂರಿನಲ್ಲಿ ನೂರು ಮೀಟರಿಗೂ ಮಿಗಿಲಾದ ಅಂತರ ಬರುತ್ತದೆ.

ಕೈಗಣಕದ ಕಥೆಯಲ್ಲಿ ಬೆಂಗಳೂರಿಗೆ ತನ್ನದೇ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಸೇರಿ ರೂಪಿಸಿದ ಸಿಂಪ್ಯೂಟರ್, ಓದು ಬಾರದವರಿಗೂ ಭಾರತೀಯ ಭಾಷೆಗಳಲ್ಲಿ ಒದಗಬೇಕೆಂಬ ಆಶಯದ್ದು. 2004ರಲ್ಲಿ ಅದು ಮಾರುಕಟ್ಟೆಗೆ ಬಂದಿತು, ಹೆಚ್ಚು ಕಾಲ ನಿಲ್ಲಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 1990ರ ದಶಕದಲ್ಲಿ ಲೂಯಿ ಲೀಬೆನ್‌ಬರ್ಗ್ ರೂಪಿಸಿದ ಸೈಬರ್‌ಟ್ರ್ಯಾಕರ್ ಇದೇ ಬಗೆಯ ಆಶಯವನ್ನು ಸಾಧಿಸಿತು: ಅಕ್ಷರ ಬಾರದ ಹೆಜ್ಜೆಗುರುತು ಬಲ್ಲವರು ಚಿತ್ರಗಳನ್ನು ಒತ್ತಿ, ಕಂಡ ಪ್ರಾಣಿಯನ್ನೂ ಜಾಗವನ್ನೂ ತಾವೇ ದಾಖಲಿಸಿದರು. ವಕ್ತೃವೇ ದಾಖಲೆಕಾರನಾಗಬಹುದೆಂಬ ಈ ಸಾಧ್ಯತೆಯನ್ನು ಕನ್ನಡ ಜಾನಪದ ಕ್ಷೇತ್ರಕಾರ್ಯ ಇನ್ನಷ್ಟು ಬಳಸಿಕೊಳ್ಳಬೇಕಾಗಿದೆ.

ಆ ದಶಕದ ಬಹುತೇಕ ಕೈಗಣಕಗಳಲ್ಲಿ ಕನ್ನಡ ಬರೆಯಲು ಅನುಕೂಲವಿರಲಿಲ್ಲ. ಟಿಪ್ಪಣಿಗಳು ರೋಮನ್ ಲಿಪಿಗೆ ಇಳಿದವು. ಲ-ಳ, ನ-ಣ ಭೇದಗಳು ಅಲ್ಲಿ ಅಳಿಸಿಹೋದವು. ನಗರ್ತಪೇಟೆಯೇ ಇಂಗ್ಲಿಷ್ ಫಲಕಗಳ ಮೂಲಕ ‘ನಗರತ್‌ಪೇಟ್’ ಆಗಿ, ನಗರ್ತರೆಂಬ ವರ್ತಕ ಸಮುದಾಯದ ಗುರುತು ಮಸುಕಾಗುವುದುಂಟು. ಯೂನಿಕೋಡ್ ಬಂದು, ಸಾಧಾರಣ ಮೊಬೈಲ್ ಫೋನೇ ಗ್ರಾಹಕವೂ ಕೈಗಣಕವೂ ಆಗಿರುವ ಇಂದು ಕನ್ನಡದಲ್ಲಿ ಬರೆಯದಿರಲು ಕಾರಣವಿಲ್ಲ.

ನಿಖರತೆಗೆ ಅಪಾಯವೂ ಇದೆ. ಶಾಸನದ ಕಲ್ಲಿನಡಿ ನಿಧಿಯಿದೆಯೆಂದು ಅಗೆಯುವವರು ಇಂದಿಗೂ ಇದ್ದಾರೆ. ಡಿಗ್ರಿಯ ಐದನೆಯ ದಶಮಾಂಶ ಸ್ಥಾನವೆಂದರೆ ಸುಮಾರು ಒಂದು ಮೀಟರು, ಎರಡನೆಯದೆಂದರೆ ಒಂದು ಕಿಲೋಮೀಟರಿಗೂ ತುಸು ಹೆಚ್ಚು. ಕಾವಲಿಲ್ಲದ ಕಲ್ಲಿನ ಪೂರ್ಣ ಅಂಕಿಗಳನ್ನು ವಿಭಾಗದ ಕಡತದಲ್ಲಿರಿಸಿ, ಪ್ರಕಟಿಸುವಾಗ ಎರಡು ಸ್ಥಾನಗಳಿಗೆ ನಿಲ್ಲಿಸಬಹುದು. 12.97 ಉತ್ತರ, 77.58 ಪೂರ್ವ ಎಂದಷ್ಟೇ ಬರೆದರೆ ನಗರ್ತಪೇಟೆಯೂ ಅದರ ನೆರೆಯ ಪೇಟೆಗಳೂ ಒಂದೇ ಬಿಂದುವಿನಲ್ಲಿ ಅಡಗುತ್ತವೆ.