ಭೀಮನ ಎರಡು ಕಂಬಳಿ

ಮೈಸೂರಿನ ನಮ್ಮ ಮನೆಯ ಅಲಾಸ್ಕನ್ ಮಾಲಮ್ಯೂಟ್ ನಾಯಿ ಭೀಮ, ಏಪ್ರಿಲ್ ಸೆಕೆಗೆ ಬಚ್ಚಲಲ್ಲೇ ಬಿದ್ದುಕೊಂಡಿದ್ದ. "ಕೂದಲು ಬೋಳಿಸಿಬಿಡೋಣ" ಎಂದೆ. ಪಶುವೈದ್ಯರು ತಡೆದರು. ಇವನಿಗೆ ಎರಡು ಕಂಬಳಿ: ಒಳಗೆ ಉಣ್ಣೆಯಂಥ ಪದರ, ಮೇಲೆ ಒರಟು ಕೂದಲು. ಬೋಳಿಸಿದರೆ ಬಿಸಿಲು ನೇರ ಚರ್ಮಕ್ಕೇ ತಾಗುತ್ತದೆ. ಉದುರುವ ಒಳಪದರ ಬಾಚಿ ತೆಗೆದರೆ ಸಾಕು, ಗಾಳಿಯಾಡುತ್ತದೆ. ಬಾಚಿದೆವು, ದಿಂಬು ತುಂಬುವಷ್ಟು ಬಂತು!

ಅಮೆರಿಕದ ಕೆನಲ್ ಕ್ಲಬ್ ನಿಯಮದಲ್ಲೂ ಪಾದ ಬಿಟ್ಟು ಬೇರೆಡೆ ಕತ್ತರಿ ಆಡಿಸುವಂತಿಲ್ಲ. ಗಂಡಿಗೆ ಭುಜದೆತ್ತರ 25 ಅಂಗುಲ, ತೂಕ ಸುಮಾರು 38 ಕಿಲೊ ಇರಬೇಕು. ಕಣ್ಣು ನೀಲಿಯಾದರೆ ಅನರ್ಹ. ಭೀಮನದು ಕಂದು. ಆದರೂ ಮೊಮ್ಮಗಳು ಸ್ಪರ್ಧೆಗೆ ಹೆಸರು ಕೊಡಲಿಲ್ಲ. "ಅವನನ್ನ ಬಿಸಿಲಲ್ಲಿ ನಿಲ್ಲಿಸಲ್ಲ, ತಾತ."

ಈಗ ನಮ್ಮ ಮೂವರ ವಾಕಿಂಗ್ ಬೆಳಗಿನ ಜಾವ ಐದಕ್ಕೆ.