ಎರಡು ದಿನದ ಪ್ರವಾಸ, ನಡುದಾರಿಯಲ್ಲಿ ವಾಂತಿ-ಭೇದಿ: ಗೆಳೆಯರು ಏನು ಮಾಡಬೇಕು?

ಶನಿವಾರ ನಸುಕಿನಲ್ಲಿ ಹೊರಟು ಭಾನುವಾರ ರಾತ್ರಿ ಮನೆ ಸೇರುವ ಪ್ರವಾಸಗಳು ಈಗ ಸಾಮಾನ್ಯವಾಗಿವೆ. ನಾಲ್ಕೈದು ಜನ ಗೆಳೆಯರು ಸೇರಿ ಒಂದು ಗಾಡಿ ಮಾಡಿಕೊಂಡು ಬಾದಾಮಿ, ಗೋಕರ್ಣ, ಜೋಗ ಎಂದು ಹೋಗಿಬರುತ್ತಾರೆ. ಮನಸ್ಸಿಗೆ ಇದು ಒಳ್ಳೆಯದೇ. ಆದರೆ ಸೋಮವಾರ ಬೆಳಿಗ್ಗೆ ನಮ್ಮ ಹೊರರೋಗಿ ವಿಭಾಗದಲ್ಲಿ ಇಂಥ ಪ್ರವಾಸದಿಂದ ನೇರವಾಗಿ ಬಂದವರು ಒಬ್ಬಿಬ್ಬರಾದರೂ ಇರುತ್ತಾರೆ. ಹೆಚ್ಚಿನವರದು ವಾಂತಿ-ಭೇದಿಯ ತೊಂದರೆ. ಬೇಗ ಗಮನಿಸಿದರೆ ಇದು ಮನೆಮದ್ದಿನಷ್ಟು ಸುಲಭವಾದ ಕಾಯಿಲೆ, ತಡ ಮಾಡಿದರೆ ಜೀವಕ್ಕೇ ಕುತ್ತು. ಆದ್ದರಿಂದ ರೋಗಿಗಳೂ ಅವರ ಜೊತೆಗಿರುವವರೂ ಇದನ್ನು ತಿಳಿದಿರುವುದು ಅಗತ್ಯ.

ಒಂದು ಉದಾಹರಣೆ

ಒಂದು ಬೇಸಿಗೆಯಲ್ಲಿ 26 ವರ್ಷದ ಯುವಕನೊಬ್ಬನನ್ನು ಭಾನುವಾರ ರಾತ್ರಿ ಹತ್ತು ಗಂಟೆಗೆ ಗೆಳೆಯರು ಎತ್ತಿಕೊಂಡು ಬಂದರು. ಐವರೂ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಹೋಗಿದ್ದರು. ಶನಿವಾರ ರಾತ್ರಿ ಎಲ್ಲರೂ ರಸ್ತೆ ಬದಿಯಲ್ಲಿ ಒಂದೇ ಕಡೆ ಊಟ ಮಾಡಿದ್ದರು. ಭಾನುವಾರ ಬೆಳಗಿನ ಜಾವ ಇವನಿಗೆ ನೀರಿನಂತೆ ಭೇದಿ ಶುರುವಾಯಿತು. ತನ್ನಿಂದ ಎಲ್ಲರ ಪ್ರವಾಸ ಕೆಡಬಾರದೆಂದು ಅವನು ಯಾರಿಗೂ ಹೇಳಲಿಲ್ಲ. ಬಿಸಿಲಲ್ಲಿ ಗುಹೆಗಳ ಮೆಟ್ಟಿಲು ಹತ್ತಿದ. ಮಧ್ಯಾಹ್ನ ವಾಂತಿಯೂ ಆದಾಗ ಗೆಳೆಯರಿಗೆ ತಿಳಿಯಿತು. ಅವರು ತಂಪು ಪಾನೀಯ ಕುಡಿಸಿದರು, ಹೊಟ್ಟೆನೋವಿಗೆಂದು ನೋವಿನ ಮಾತ್ರೆ ಕೊಟ್ಟರು, ಗಾಡಿಯ ಹಿಂದಿನ ಸೀಟಿನಲ್ಲಿ ಮಲಗಿಸಿ ಉಳಿದ ಜಾಗಗಳನ್ನು ನೋಡಿ ಮುಗಿಸಿದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. "ಸ್ವಲ್ಪ ಮಲಗಿದರೆ ಸರಿಹೋಗುತ್ತಾನೆ" ಎಂದು ಎಲ್ಲರೂ ನಂಬಿದ್ದರು.

ಆಸ್ಪತ್ರೆಗೆ ಬಂದಾಗ ಅವನ ನಾಡಿ ಎಳೆಯಷ್ಟು ತೆಳುವಾಗಿತ್ತು, ಕೈಕಾಲು ತಣ್ಣಗಿದ್ದವು, ಬೆಳಿಗ್ಗೆಯಿಂದ ಮೂತ್ರವೇ ಆಗಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರುವುದು ಕಂಡಿತು. ರಾತ್ರಿಯಿಡೀ ಸಲೈನ್ ಕೊಟ್ಟ ಮೇಲೆ ಬೆಳಗಿನ ಹೊತ್ತಿಗೆ ಸ್ವಲ್ಪ ಮೂತ್ರ ಬಂತು. ಡಯಾಲಿಸಿಸ್ ಬೇಕಾಗಲಿಲ್ಲ. ಐದನೆಯ ದಿನ ಮನೆಗೆ ಹೋದ. ಅವನ ತಾಯಿ ಮೊದಲ ದಿನ ಕೇಳಿದ ಪ್ರಶ್ನೆ ಒಂದೇ: "ಬರೀ ಭೇದಿ ಆದ್ರ ಕಿಡ್ನಿಗೆ ಹೆಂಗ ಪೆಟ್ಟು ಬೀಳತೈತ್ರಿ ಸಿಸ್ಟರ್?" ಈ ಪ್ರಶ್ನೆಗೆ ಉತ್ತರ ತಿಳಿದರೆ ಉಳಿದದ್ದೆಲ್ಲ ತಾನಾಗಿಯೇ ತಿಳಿಯುತ್ತದೆ.

ಭೇದಿಯಾದಾಗ ದೇಹದಲ್ಲಿ ಏನಾಗುತ್ತದೆ?

ವಯಸ್ಕರ ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೀರೇ. ನಾವು ಕುಡಿದ ನೀರು ಮತ್ತು ಜೀರ್ಣರಸಗಳು ಸೇರಿ ದಿನಕ್ಕೆ ಸುಮಾರು 8ರಿಂದ 9 ಲೀಟರ್ ದ್ರವ ಕರುಳಿಗೆ ಬರುತ್ತದೆ. ಆರೋಗ್ಯವಂತ ಕರುಳು ಅದನ್ನೆಲ್ಲ ಹೀರಿಕೊಂಡು ಮಲದಲ್ಲಿ ಒಂದು ಲೋಟದಷ್ಟನ್ನು ಮಾತ್ರ ಹೊರಬಿಡುತ್ತದೆ. ಸೋಂಕು ತಗಲಿದಾಗ ಈ ಲೆಕ್ಕ ತಪ್ಪುತ್ತದೆ. ಕಾಲರಾದಂಥ ತೀವ್ರ ಭೇದಿಯಲ್ಲಿ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೋಗಬಹುದು. ನೀರಿನ ಜೊತೆ ಸೋಡಿಯಂ, ಪೊಟ್ಯಾಷಿಯಂ ಎಂಬ ಲವಣಗಳೂ ಹೋಗುತ್ತವೆ. ಆಗ ರಕ್ತದ ಪ್ರಮಾಣ ಕುಗ್ಗುತ್ತದೆ, ರಕ್ತದೊತ್ತಡ ಇಳಿಯುತ್ತದೆ. ದೇಹವು ಮಿದುಳು ಮತ್ತು ಹೃದಯವನ್ನು ಉಳಿಸಿಕೊಳ್ಳಲು ಚರ್ಮ ಮತ್ತು ಮೂತ್ರಪಿಂಡಗಳಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಅದಕ್ಕೇ ಕೈಕಾಲು ತಣ್ಣಗಾಗುವುದು, ಮೂತ್ರ ನಿಲ್ಲುವುದು. ಬಿಸಿಲಿನಲ್ಲಿ ಬೆವರಿದರೆ ನಷ್ಟ ಇಮ್ಮಡಿಯಾಗುತ್ತದೆ. ಇಂಥ ಹೊತ್ತಿನಲ್ಲಿ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಇನ್ನಷ್ಟು ಹಾನಿ ಮಾಡುತ್ತವೆ.

ಓ.ಆರ್.ಎಸ್. ಯಾಕೆ ಕೆಲಸ ಮಾಡುತ್ತದೆ?

ಬರೀ ನೀರು ಕುಡಿದರೆ ನೀರು ಹೋಗುತ್ತದೆಯೇ ಹೊರತು ಲವಣದ ನಷ್ಟ ತುಂಬುವುದಿಲ್ಲ. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದಾಗ ಒಳಗೆ ಬಿಟ್ಟುಕೊಳ್ಳುವ ಒಂದು ಬಾಗಿಲಿದೆ. ಅವೆರಡೂ ಒಳಗೆ ಹೋದರೆ ನೀರು ಹಿಂದೆಯೇ ಹೋಗುತ್ತದೆ. ಭೇದಿ ಆಗುತ್ತಿರುವಾಗಲೂ ಈ ಬಾಗಿಲು ಮುಚ್ಚುವುದಿಲ್ಲ. ಓ.ಆರ್.ಎಸ್.ನ ಗುಟ್ಟು ಇಷ್ಟೇ.

1971ರ ಬಾಂಗ್ಲಾದೇಶ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿತು. ಸಲೈನ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಅಡಿಗೆ ಸೋಡ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಸಂಬಂಧಿಕರ ಕೈಯಿಂದಲೇ ಕುಡಿಸಿದರು. ಮೊದಲು ಶೇಕಡ 30ರ ಆಸುಪಾಸಿನಲ್ಲಿದ್ದ ಸಾವು ಶೇಕಡ 4ಕ್ಕಿಂತ ಕೆಳಗಿಳಿಯಿತು. ಅಂದು ಜೀವ ಉಳಿಸಿದವರಲ್ಲಿ ಹೆಚ್ಚಿನವರು ರೋಗಿಯ ಪಕ್ಕ ಕುಳಿತ ಮನೆಯವರೇ ಎಂಬುದನ್ನು ಗಮನಿಸಿ. ಪ್ರವಾಸದಲ್ಲಿ ಆ ಜಾಗ ಗೆಳೆಯರದು.

ಕುಡಿಸುವ ಕ್ರಮ

1. ಪೊಟ್ಟಣದ ಮೇಲೆ ಬರೆದಿರುವುದನ್ನು ಓದಿ. ದೊಡ್ಡ ಪೊಟ್ಟಣ 1 ಲೀಟರ್ ನೀರಿಗೆ, ಚಿಕ್ಕದು 200 ಮಿ.ಲೀ. ನೀರಿಗೆ. ದೊಡ್ಡ ಪೊಟ್ಟಣದಿಂದ ಒಂದೊಂದು ಚಮಚ ತೆಗೆದು ಲೋಟಕ್ಕೆ ಹಾಕಬೇಡಿ, ಪ್ರಮಾಣ ತಪ್ಪುತ್ತದೆ.
2. ಶುದ್ಧವಾದ ನೀರನ್ನೇ ಬಳಸಿ. ಕಲಸಿದ ಮೇಲೆ 24 ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಿ.
3. ವಯಸ್ಕರು ಪ್ರತಿ ಭೇದಿಯ ನಂತರ ಕನಿಷ್ಠ ಒಂದು ದೊಡ್ಡ ಲೋಟ ಕುಡಿಯಬೇಕು, ಬಾಯಾರಿಕೆ ಇದ್ದರೆ ಇನ್ನೂ ಹೆಚ್ಚು.
4. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಗುಟುಕು ಗುಟುಕಾಗಿ ಕೊಡಿ. ವಾಂತಿಯಾಯಿತೆಂದು ನಿಲ್ಲಿಸಬೇಡಿ.
5. ಪೊಟ್ಟಣ ಸಿಗದಿದ್ದರೆ 1 ಲೀಟರ್ ನೀರಿಗೆ 6 ಸಪಾಟು ಟೀ ಚಮಚ ಸಕ್ಕರೆ, ಅರ್ಧ ಸಪಾಟು ಟೀ ಚಮಚ ಉಪ್ಪು ಕಲಸಿ. ಉಪ್ಪು ಹೆಚ್ಚಾಗಬಾರದು. ಮಜ್ಜಿಗೆ, ಅಕ್ಕಿ ಗಂಜಿಯನ್ನೂ ಕೊಡಬಹುದು.

ತಂಪು ಪಾನೀಯ, ಪೆಟ್ಟಿಗೆಯಲ್ಲಿ ಬರುವ ಹಣ್ಣಿನ ರಸಗಳಲ್ಲಿ ಸಕ್ಕರೆ ಅತಿಯಾಗಿದ್ದು ಲವಣ ಕಡಿಮೆ ಇರುತ್ತದೆ. ಅತಿಯಾದ ಸಕ್ಕರೆ ಕರುಳಿಗೆ ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳು ತಮ್ಮ ಹೆಸರಿನಲ್ಲಿ 'ಓ.ಆರ್.ಎಸ್.' ಎಂದು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಔಷಧಿ ಅಂಗಡಿಯಲ್ಲಿ ಆ ಸೂತ್ರದ ಪುಡಿಯನ್ನೇ ಕೇಳಿ ಪಡೆಯಿರಿ.

ಭೇದಿ ನಿಲ್ಲಿಸುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಜ್ವರ ಅಥವಾ ಮಲದಲ್ಲಿ ರಕ್ತ ಇದ್ದಾಗ ಅದು ಅಪಾಯಕಾರಿ. ಬಿ.ಪಿ., ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಅಂದಿನ ಮಾತ್ರೆಯ ಬಗ್ಗೆ ವೈದ್ಯರಿಗೆ ಫೋನ್ ಮಾಡಿ ಕೇಳಿ. ಇನ್ಸುಲಿನ್ ತೆಗೆದುಕೊಳ್ಳುವವರು ತಾವಾಗಿಯೇ ಅದನ್ನು ನಿಲ್ಲಿಸಬಾರದು.

ಪ್ರವಾಸ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

* ಆರರಿಂದ ಎಂಟು ಗಂಟೆ ಮೂತ್ರ ಆಗದಿರುವುದು ಅಥವಾ ಸ್ವಲ್ಪವೇ ಗಾಢ ಹಳದಿ ಮೂತ್ರ
* ಎದ್ದು ನಿಂತರೆ ತಲೆ ತಿರುಗುವುದು, ಕಣ್ಣು ಕತ್ತಲೆ ಬರುವುದು
* ಮಂಪರು, ತೊದಲು ಮಾತು, ಕರೆದರೆ ಸರಿಯಾಗಿ ಉತ್ತರಿಸದಿರುವುದು
* ಕುಡಿದದ್ದೆಲ್ಲ ವಾಂತಿಯಾಗುವುದು
* ಮಲದಲ್ಲಿ ರಕ್ತ, ಅಥವಾ ತೀವ್ರ ಜ್ವರ
* ಹೊಟ್ಟೆಯ ಬಲಭಾಗದ ಕೆಳಗೆ ಹೆಚ್ಚುತ್ತಲೇ ಹೋಗುವ ನೋವು. ಇದು ಅಪೆಂಡಿಕ್ಸ್ ಇರಬಹುದು
* ಎದೆ ಒತ್ತಿದಂತಾಗಿ ಬೆವರು, ವಾಂತಿ. ಇದನ್ನು 'ಗ್ಯಾಸ್' ಎಂದು ತಳ್ಳಿಹಾಕಬೇಡಿ, ಹೃದಯಾಘಾತವೂ ಆಗಿರಬಹುದು

ಗರ್ಭಿಣಿಯರು, ಮಕ್ಕಳು, ವೃದ್ಧರು ಜೊತೆಗಿದ್ದರೆ ಇಷ್ಟು ಕಾಯಲೂ ಬಾರದು. ಎಲ್ಲೇ ಇದ್ದರೂ 108ಕ್ಕೆ ಕರೆ ಮಾಡಿ. ನಮ್ಮ ಊರಿನ ಆಸ್ಪತ್ರೆಗೇ ಹೋಗೋಣವೆಂದು ನೂರಾರು ಕಿಲೋಮೀಟರ್ ಬರಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಸಲೈನ್ ಹಾಕುತ್ತಾರೆ. ದಾರಿಯುದ್ದಕ್ಕೂ ಓ.ಆರ್.ಎಸ್. ಕುಡಿಸುತ್ತಿರಿ. ಮಂಪರಿನಲ್ಲಿದ್ದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ.

ಹೊರಡುವ ಮೊದಲು

ಬೆಳಿಗ್ಗೆ ಬಿಸಿಯಾಗಿ ಡಬ್ಬಿಗೆ ತುಂಬಿದ ಅನ್ನವನ್ನು ಮಧ್ಯಾಹ್ನ ತಿನ್ನುವುದು ನಮ್ಮಲ್ಲಿ ರೂಢಿ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಡಬ್ಬಿಯಲ್ಲಿ ಅವು ಬೆಳೆದು ವಿಷ ಉಂಟುಮಾಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು, ಬೇಸಿಗೆಯಲ್ಲಿ ಅಷ್ಟೂ ಬೇಡ. ನಮ್ಮ ಹಿರಿಯರು ದೂರದ ಪ್ರಯಾಣಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ. ನೀರಿನಂಶ ಇಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಮಂಜುಗಡ್ಡೆ ಹಾಕಿದ ಕಬ್ಬಿನಹಾಲು, ಕತ್ತರಿಸಿಟ್ಟ ಹಣ್ಣು, ಪಾನಿಪೂರಿಯ ನೀರು ಬೇಡ. ನೀರು ಹೆಪ್ಪುಗಟ್ಟಿದರೆ ರೋಗಾಣು ಸಾಯುವುದಿಲ್ಲ. ಚೀಲದಲ್ಲಿ ಒಂದು ಸಾಬೂನು ಮತ್ತು ಒಬ್ಬೊಬ್ಬರಿಗೆ ಎರಡರಂತೆ ಓ.ಆರ್.ಎಸ್. ಪೊಟ್ಟಣ ಇರಲಿ.

ಹಿಂತಿರುಗಿದ ಮೇಲೂ ಗಮನವಿರಲಿ

ಕೆಲವು ಕಾಯಿಲೆಗಳು ತಡವಾಗಿ ಕಾಣುತ್ತವೆ. ವಿಷಮಶೀತ ಜ್ವರ ಒಂದೆರಡು ವಾರಗಳ ನಂತರ, ಕಾಮಾಲೆ ಸುಮಾರು ಒಂದು ತಿಂಗಳ ನಂತರ ಬರಬಹುದು. ಹಳ್ಳ-ಜಲಪಾತಗಳಲ್ಲಿ ಈಜಿದವರಿಗೆ ಇಲಿಜ್ವರ, ಬೇಸಿಗೆಯಲ್ಲಿ ಮಲೆನಾಡಿನ ಕಾಡಿನಲ್ಲಿ ಉಣ್ಣೆ ಕಚ್ಚಿಸಿಕೊಂಡವರಿಗೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಪತ್ತೆಯಾದ ಮಂಗನ ಕಾಯಿಲೆ ಬರಬಹುದು. ಜ್ವರ ಬಂದಾಗ ಎಲ್ಲಿಗೆ ಹೋಗಿದ್ದಿರಿ, ಯಾವ ದಿನ, ಏನು ತಿಂದಿರಿ, ನೀರಿಗೆ ಇಳಿದಿದ್ದಿರಾ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಗೆಳೆಯರಿಗೆ ಒಂದು ಮಾತು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಪ್ರವಾಸದಲ್ಲಿ ಮಾತೂ ಒಂದು ಮದ್ದೇ. ಭೇದಿಯಾಗಿದೆ ಎಂದು ಹೇಳಲು ನಾಚಿಕೆ ಬೇಡ. ಹೇಳಿದವನನ್ನು ಗೇಲಿ ಮಾಡಬೇಡಿ. ಒಬ್ಬರು ಅವನ ಜೊತೆಗೇ ಉಳಿದು ಎಷ್ಟು ಸಲ ಭೇದಿಯಾಯಿತು, ಎಷ್ಟು ಲೋಟ ಕುಡಿದ, ಮೂತ್ರ ಯಾವಾಗ ಆಯಿತು ಎಂಬುದನ್ನು ಚೀಟಿಯಲ್ಲಿ ಬರೆದಿಡಿ. ಮನೆಯವರಿಗೆ ಆಗಲೇ ತಿಳಿಸಿ. ಆಸ್ಪತ್ರೆಯ ಬಾಗಿಲಲ್ಲಿ ಆ ಚೀಟಿಯನ್ನು ನಮ್ಮ ಕೈಗೆ ಕೊಟ್ಟರೆ ಚಿಕಿತ್ಸೆ ಅಷ್ಟು ಬೇಗ ಆರಂಭವಾಗುತ್ತದೆ. ಗುಡಿ, ಗುಹೆ, ಸಮುದ್ರಗಳು ಮುಂದಿನ ಸಲಕ್ಕೂ ಅಲ್ಲೇ ಇರುತ್ತವೆ. ಮುಂದಿನ ಸಲವೂ ಐವರೂ ಜೊತೆಯಾಗಿ ಹೋಗುವಂತಿರಬೇಕು.