ಬೇಸಿಗೆಯ ಸಾಲ, ಮಾಗಿಯ ವಸೂಲಿ

ಡಿಸೆಂಬರ್ ಕೊನೆಯ ವಾರ, ಬೆಳಗಿನ ಜಾವ ಐದೂಕಾಲು. ಮೂಡಿಗೆರೆ ಕಡೆಯ ನೆಂಟರ ಮನೆಯಂಗಳದಲ್ಲಿ ನಮ್ಮ ಕಾರು ರಾತ್ರಿಯೆಲ್ಲ ಇಬ್ಬನಿಯಲ್ಲಿ ನೆನೆದು ನಿಂತಿತ್ತು. ಏಳರ ಮುಹೂರ್ತಕ್ಕೆ ಛತ್ರ ತಲುಪಬೇಕು. ಕೀಲಿ ತಿರುಗಿಸಿದೆ. ಎಂಜಿನ್ ಎರಡು ಸುತ್ತು ನರಳಿ ಸುಮ್ಮನಾಯಿತು. ಮತ್ತೊಮ್ಮೆ ಸೆಲ್ಫ್ ಹೊಡೆದರೆ ಬರೀ ‘ಟಕ್ ಟಕ್ ಟಕ್’. ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದ ಅಕ್ಕ ಗಡಿಯಾರ ನೋಡಿಕೊಂಡಳು. “ಚಳಿಗೆ ಹಿಡ್ಕೊಂಡಿದೆ ಕಣೋ, ಬಿಸಿಲು ಬರ್ಲಿ” ಎಂದರು ಭಾವ.

ಬಿಸಿಲಿಗೆ ಕಾಯುವಷ್ಟು ಪುರುಸೊತ್ತು ಯಾರಿಗಿತ್ತು? ಮೂವರು ಸೇರಿ ಅಂಗಳದ ಇಳಿಜಾರಿನಲ್ಲಿ ತಳ್ಳಿದರು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಕಾರು ಮುಗ್ಗರಿಸಿ ಕೆಮ್ಮಿ ಜೀವ ಪಡೆಯಿತು. ಊಟ ಮುಗಿಸಿ ಬರುವಾಗ ಪೇಟೆಯ ಮೆಕ್ಯಾನಿಕ್ ಒಬ್ಬರ ಮುಂದೆ ನಿಲ್ಲಿಸಿದೆ. ಬ್ಯಾಟರಿಗೆ ಮೀಟರ್ ಇಟ್ಟು ನೋಡಿ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಚಳಿದೇನೂ ತಪ್ಪಿಲ್ಲ ಸಾರ್. ಇದರ ಕಥೆ ಏಪ್ರಿಲ್‌ನಲ್ಲೇ ಮುಗಿದಿತ್ತು. ನಿಮಗೆ ಗೊತ್ತಾಗಿದ್ದು ಇವತ್ತು.”

ಬಿಸಿಲಲ್ಲಿ ಬೆಂದ ಬ್ಯಾಟರಿ

ಕಾರಿನ ಬ್ಯಾಟರಿಯೊಳಗೆ ಇರುವುದು ಸೀಸದ ಫಲಕಗಳು ಮತ್ತು ಗಂಧಕಾಮ್ಲದ ದ್ರಾವಣ. ಇವೆರಡರ ನಡುವಿನ ರಾಸಾಯನಿಕ ಕ್ರಿಯೆಯಿಂದ ವಿದ್ಯುತ್ ಹುಟ್ಟುತ್ತದೆ. ಚಳಿ ಹೆಚ್ಚಿದಷ್ಟೂ ಈ ಕ್ರಿಯೆ ಮಂದವಾಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಬ್ಯಾಟರಿಯ ಶಕ್ತಿ ಸುಮಾರು ಮೂರನೇ ಒಂದರಷ್ಟು ಕುಗ್ಗುತ್ತದೆ ಎಂಬುದು ವಾಹನ ತಜ್ಞರ ಅಂದಾಜು.

ಆದರೆ ನಮ್ಮಲ್ಲಿ ಸೊನ್ನೆ ಎಲ್ಲಿದೆ? ಬೆಂಗಳೂರಿನಲ್ಲಿ ದಾಖಲಾದ ಕನಿಷ್ಠ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಗಟ್ಟಿ ಬ್ಯಾಟರಿಗೆ ಇಂಥ ಚಳಿ ಲೆಕ್ಕಕ್ಕೇ ಇಲ್ಲ. ಅದನ್ನು ನಿಜವಾಗಿ ತಿನ್ನುವುದು ಸೆಕೆ. ಬೇಸಿಗೆಯ ಬಿಸಿಲು, ಬಾನೆಟ್ಟಿನೊಳಗಿನ ಕಾವು ಸೇರಿ ನೀರನ್ನು ಆವಿ ಮಾಡುತ್ತವೆ, ಫಲಕಗಳನ್ನು ಸವೆಸುತ್ತವೆ. ಆಗ ಎಂಜಿನ್ ಸುಲಭವಾಗಿ ತಿರುಗುವುದರಿಂದ ಬಡಕಲು ಬ್ಯಾಟರಿಯೂ ಹೇಗೋ ಬಂಡಿ ಸಾಗಿಸುತ್ತದೆ. ಬೇಸಿಗೆ ಮಾಡಿಟ್ಟ ಸಾಲವನ್ನು ಮಾಗಿ ಬಂದು ವಸೂಲಿ ಮಾಡುತ್ತದೆ.

ವಸೂಲಿಗೆ ಎಂಜಿನ್ ಆಯಿಲ್ ಕೂಡ ಜೊತೆಗೂಡುತ್ತದೆ. ಚಳಿಗೆ ಅದು ಮಂದವಾಗಿ, ಎಂಜಿನ್ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಡಬ್ಬಿಯ ಮೇಲಿನ 5ಡಬ್ಲ್ಯೂ-30, 20ಡಬ್ಲ್ಯೂ-50 ಎಂಬ ಗುರುತುಗಳಲ್ಲಿ ‘ಡಬ್ಲ್ಯೂ’ ಎಂದರೆ ವಿಂಟರ್. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಆಯಿಲ್ ಚಳಿಯಲ್ಲಿ ಸಲೀಸಾಗಿ ಹರಿಯುತ್ತದೆ. ಕಂಪನಿಯ ಪುಸ್ತಕ 5ಡಬ್ಲ್ಯೂ ಎಂದಿದ್ದರೂ ‘ದಪ್ಪ ಆಯಿಲೇ ಒಳ್ಳೇದು’ ಎಂದು 20ಡಬ್ಲ್ಯೂ ಹಾಕಿಸಿದರೆ ಮುಂಜಾನೆಯ ಕಷ್ಟವನ್ನು ನಾವೇ ಕೊಂಡುಕೊಂಡಂತೆ.

ಚೋಕ್ ಎಳೆದ ಕಾಲ

ಪದ್ಮಿನಿ, ಅಂಬಾಸಿಡರ್ ಓಡಿಸಿದವರಿಗೆ ಚಳಿಗಾಲದ ಮುಂಜಾನೆ ಒಂದು ಪೂಜಾವಿಧಿಯೇ ಆಗಿತ್ತು. ತಣ್ಣಗಿನ ಪೆಟ್ರೋಲ್ ಸುಲಭವಾಗಿ ಆವಿಯಾಗುವುದಿಲ್ಲ, ಆವಿಯಾಗದ ಪೆಟ್ರೋಲ್ ಕಿಡಿಗೆ ಹೊತ್ತಿಕೊಳ್ಳುವುದಿಲ್ಲ. ಅದಕ್ಕೇ ಚೋಕ್ ಎಳೆದು ಗಾಳಿ ಕಡಿಮೆ ಮಾಡಿ, ಪೆಟ್ರೋಲ್ ಪ್ರಮಾಣ ಹೆಚ್ಚಿಸುತ್ತಿದ್ದರು. ಕೈ ಮೀರಿದರೆ ‘ಓವರ್‌ಫ್ಲೋ’. ಪ್ಲಗ್ ಬಿಚ್ಚಿ ಒರೆಸಿ ಮತ್ತೆ ಮೊದಲಿನಿಂದ ಶುರು. ಮಲೆನಾಡಿನಲ್ಲಿ ಇನ್ನೊಂದು ಜಾಣತನವಿತ್ತು. ರಾತ್ರಿ ಗಾಡಿಯನ್ನು ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಮಲಗುವುದು. ಬೆಳಿಗ್ಗೆ ಕಲ್ಲು ತೆಗೆದರೆ ಗುಡ್ಡವೇ ಸ್ಟಾರ್ಟರ್.

ಈಗಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ಚೋಕ್ ಇಲ್ಲ. ನೀರಿನ ತಾಪ ಅಳೆಯುವ ಸೆನ್ಸರ್ ನೋಡಿಕೊಂಡು ಕಂಪ್ಯೂಟರೇ ಪೆಟ್ರೋಲ್ ಅಳೆದು ಬಿಡುತ್ತದೆ. ಆದ್ದರಿಂದ ಹಳೇ ಅಭ್ಯಾಸದಂತೆ ಆಕ್ಸಿಲರೇಟರ್ ಒತ್ತೊತ್ತಿ ಸೆಲ್ಫ್ ಹೊಡೆಯುವುದು ಬೇಡ. ಬ್ಯಾಟರಿ ಚೆನ್ನಾಗಿದ್ದು, ಎಂಜಿನ್ ಜೋರಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಆ ಸೆನ್ಸರ್, ಪ್ಲಗ್, ಪೆಟ್ರೋಲ್ ಪಂಪ್‌ಗಳತ್ತ ನೋಡಬೇಕು. ತೋಟದ ಮನೆಯವರು ವೈರಿನತ್ತಲೂ ಒಂದು ಕಣ್ಣು ಹಾಯಿಸಲಿ. ಬೆಚ್ಚಗಿನ ಬಾನೆಟ್ಟು ಹುಡುಕಿ ಬರುವ ಇಲಿ ವೈರು ಕಡಿಯದೆ ಹೋಗುವುದಿಲ್ಲ.

ಡೀಸೆಲ್ ಕಾರಿನ ದಾರಿ ಬೇರೆ. ಅಲ್ಲಿ ಕಿಡಿ ಇಲ್ಲ, ಗಾಳಿಯನ್ನು ಒತ್ತಿ ಹುಟ್ಟಿಸಿದ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಎಂಜಿನ್ ತಣ್ಣಗಿದ್ದಾಗ ಆ ಕಾವು ಸಾಲದೆಂದು ಹೀಟರ್ ಪ್ಲಗ್ ಇಟ್ಟಿರುತ್ತಾರೆ. ಕೀಲಿ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಸುರುಳಿಯಾಕಾರದ ಹಳದಿ ದೀಪ ಕಾಣುತ್ತದಲ್ಲ, ಅದು ಆರಿದ ಮೇಲೆ ಸೆಲ್ಫ್ ಹೊಡೆಯಿರಿ. ಆ ಕೆಲವು ಸೆಕೆಂಡಿನ ತಾಳ್ಮೆ ಇಲ್ಲದೆ ಡೀಸೆಲ್ ಗಾಡಿಯನ್ನು ಬೈಯುವವರೇ ಹೆಚ್ಚು.

ಲಡಾಖಿನ ಮೇಣ

ಚಳಿಯೇ ನಿಜವಾದ ಅಪರಾಧಿಯಾಗುವ ಊರುಗಳೂ ನಮ್ಮ ದೇಶದಲ್ಲಿವೆ. ಡಿಸೆಂಬರಿನಲ್ಲಿ ಬಚ್ಚಲಮನೆಯ ಕೊಬ್ಬರಿ ಎಣ್ಣೆ ಸೀಸೆಯೊಳಗೇ ಹೆಪ್ಪುಗಟ್ಟುತ್ತದಲ್ಲವೇ? ಲಡಾಖಿನಲ್ಲಿ ಡೀಸೆಲ್ಲಿಗೂ ಅದೇ ಗತಿ. ಡೀಸೆಲ್ಲಿನಲ್ಲಿ ಕರಗಿರುವ ಮೇಣ ಕಡುಚಳಿಗೆ ಹರಳುಗಟ್ಟಿ ಫಿಲ್ಟರ್ ಮುಚ್ಚುತ್ತದೆ, ಎಂಜಿನ್ನಿಗೆ ಹನಿಯೂ ತಲುಪುವುದಿಲ್ಲ. ಸೀಮೆಎಣ್ಣೆ ಬೆರೆಸುವುದು, ಟ್ಯಾಂಕಿನ ಕೆಳಗೆ ಬೆಂಕಿ ಹಾಕುವುದು ಅಲ್ಲಿನ ಲಾರಿ ಚಾಲಕರು ಕಂಡುಕೊಂಡಿದ್ದ ಅಪಾಯದ ಉಪಾಯಗಳು. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಪಾಣಿಪತ್ ಸಂಸ್ಕರಣಾಗಾರದಲ್ಲಿ ತಯಾರಿಸಿದ ಚಳಿಗಾಲದ ವಿಶೇಷ ಡೀಸೆಲ್ ಅನ್ನು ಲಡಾಖಿಗೆ ಒದಗಿಸಲು ಶುರುಮಾಡಿತು. ಮೈನಸ್ 33 ಡಿಗ್ರಿಯವರೆಗೂ ಅದು ಹರಿಯುವ ಗುಣ ಕಳೆದುಕೊಳ್ಳುವುದಿಲ್ಲ. ಕೆನಡಾದ ವಿನ್ನಿಪೆಗ್, ಎಡ್ಮಂಟನ್‌ಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಹೋದವರು ಇನ್ನೊಂದು ನೋಟ ಕಂಡಿರಬಹುದು: ರಾತ್ರಿ ಮೊಬೈಲಿನಂತೆ ಕಾರಿಗೂ ಪ್ಲಗ್ ಚುಚ್ಚಿರುತ್ತಾರೆ. ಅದು ಎಲೆಕ್ಟ್ರಿಕ್ ಕಾರಲ್ಲ. ಪೆಟ್ರೋಲ್ ಎಂಜಿನ್ ಮರಗಟ್ಟದಂತೆ ಬೆಚ್ಚಗಿಡುವ ಬ್ಲಾಕ್ ಹೀಟರ್.

ಬೆಳಿಗ್ಗೆ ಹಟ ಹಿಡಿದರೆ

ಮೊದಲು ದೀಪ, ಫ್ಯಾನು, ಹಾಡು ಎಲ್ಲ ಆಫ್ ಮಾಡಿ. ಕ್ಲಚ್ ಪೂರ್ತಿ ಒತ್ತಿ, ಆಗ ಗೇರ್‌ಬಾಕ್ಸ್ ತಿರುಗಿಸುವ ಹೊರೆ ತಪ್ಪುತ್ತದೆ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಬೇಡ. ಅರ್ಧ ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ನಾಲ್ಕಾರು ಸಲಕ್ಕೂ ಬಗ್ಗದಿದ್ದರೆ ನಿಲ್ಲಿಸಿಬಿಡಿ, ಉಳಿದಿರುವ ಜೀವವನ್ನೂ ಹೀರುವುದು ಬೇಡ.

ಪಕ್ಕದ ಮನೆಯವರ ಕಾರಿನಿಂದ ಜಂಪರ್ ಕೇಬಲ್ ಕೊಡುವುದಾದರೆ ಕ್ರಮ ತಪ್ಪಬಾರದು. ಕೆಂಪು ತುದಿ ಮೊದಲು ನಿಮ್ಮ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಕೆಂಪು ಅವರ ಪ್ಲಸ್‌ಗೆ. ಕಪ್ಪು ತುದಿ ಅವರ ಮೈನಸ್‌ಗೆ. ಕೊನೆಯ ಕಪ್ಪನ್ನು ಮಾತ್ರ ನಿಮ್ಮ ಬ್ಯಾಟರಿಗೆ ಕಚ್ಚಿಸದೆ, ಅದರಿಂದ ದೂರ ನಿಮ್ಮ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವುದುಂಟು, ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್‌ಗೆ ಆ ಕಿಡಿ ಸಾಕು. ಆಟೊಮ್ಯಾಟಿಕ್ ಗೇರಿನ ಕಾರಾದರೆ ತಳ್ಳಿ ಉಪಯೋಗವಿಲ್ಲ, ಜನರನ್ನು ಸುಮ್ಮನೆ ದಣಿಸಬೇಡಿ. ಸ್ಟಾರ್ಟ್ ಆದ ಮೇಲೆ ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಲು ಬಿಡಬೇಡಿ. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ.

ಇಷ್ಟೆಲ್ಲ ಪಾಡು ತಪ್ಪಿಸುವ ಕೆಲಸ ಹತ್ತು ನಿಮಿಷದ್ದು. ಟರ್ಮಿನಲ್ಲಿಗೆ ಹಿಡಿದ ಬಿಳಿ, ಹಸಿರು ಪುಡಿಯನ್ನು ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಒಣಗಿಸಿ, ವ್ಯಾಸಲಿನ್ ಸವರಿ. ಮುಚ್ಚಳವಿರುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ ಎಂದರ್ಥ. ಚಾರ್ಜ್ ಮಾಡಿಯೂ ಹಾಗೇ ಇಳಿಯುತ್ತಿದ್ದರೆ, ವಯಸ್ಸು ನಾಲ್ಕು ದಾಟಿದ್ದರೆ, ಬೀಳ್ಕೊಡುವುದೇ ಲೇಸು.

ಇದಕ್ಕೆ ಪಂಚಾಂಗದಲ್ಲಿ ದಿನ ಹುಡುಕಬೇಕಿಲ್ಲ. ಬೇಸಿಗೆ, ಮಳೆ ಎರಡೂ ಮುಗಿದು ಚಳಿ ಕಾಲಿಡುವ ಮುಂಚೆ ಬರುವ ಆಯುಧಪೂಜೆ ಇದೆಯಲ್ಲ. ಆ ದಿನ ಕಾರು ತೊಳೆಯುತ್ತೇವೆ, ಬಾಳೆಕಂದು ಕಟ್ಟುತ್ತೇವೆ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಬಾನೆಟ್ಟಿಗೆ ಕುಂಕುಮ ಇಡುವ ಮೊದಲು ಒಮ್ಮೆ ಅದನ್ನು ಎತ್ತಿ ಬ್ಯಾಟರಿ ನೋಡಿಬಿಡಿ.